ಕಿವಿ ಸಾಫ್ ಅದ, ಮತ್ತ ನೋವು ಯಾಕ?

ಇಎನ್‌ಟಿ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ಪರದೆ ನೋಡಿ, "ಕಿವಿ ಸಾಫ್ ಅದ, ಏನೂ ಇಲ್ಲ" ಅಂದು ಕಳಿಸುತ್ತಾರೆ. ನೋವು ಮಾತ್ರ ಹಾಗೇ ಉಳಿಯುತ್ತದೆ. ಮನೆಗೆ ಬಂದ ಮೇಲೆ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ, ಅದು ಆಗದಿದ್ದರೆ ಮೆಡಿಕಲ್‌ನಿಂದ ಕೇಳಿ ತಂದ ಡ್ರಾಪ್ಸ್, ಅದೂ ಆಗದಿದ್ದರೆ ಮತ್ತೊಬ್ಬ ಡಾಕ್ಟರು, ಮತ್ತೊಂದು ಆಂಟಿಬಯೋಟಿಕ್. ಹೀಗೆ ತಿಂಗಳುಗಳು ಹೋಗುತ್ತವೆ. "ಕೂಲರ್ ಗಾಳಿ ಹೊಡದದ" ಅಂತ ಬೇಸಿಗೆಯಲ್ಲಿ, "ಥಂಡಿ ಹತ್ಯಾದ" ಅಂತ ಚಳಿಗಾಲದಲ್ಲಿ ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ "ಕಿವಿಯಲ್ಲಿ ಏನೂ ಇಲ್ಲ" ಎನ್ನುವುದು ಬಹಳ ಉಪಯೋಗದ ಮಾತು. ನೋವು ಸುಳ್ಳು ಅಂತ ಅದರ ಅರ್ಥ ಅಲ್ಲ, ನೋವಿನ ಮೂಲ ಬೇರೆ ಕಡೆ ಇದೆ ಅಂತ. ಆ ಬೇರೆ ಕಡೆ ಬಹಳ ಸಲ ಕಿವಿಯಿಂದ ಒಂದು ಬೆರಳು ಮುಂದಿರುತ್ತದೆ: ಕೆಳದವಡೆಯ ಕೀಲು.

ಕಿವಿಯ ತೂತಿನ ಮುಂದೆ ಮೆತ್ತನೆಯ ಸಣ್ಣ ಗುಬುಟು ಇದೆಯಲ್ಲ, ಅದಕ್ಕಿಂತ ಒಂದು ಬೆರಳು ಮುಂದೆ, ಎರಡೂ ಕಡೆ ತೋರುಬೆರಳಿಟ್ಟು ನಿಧಾನ ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಗಟ್ಟಿಯಾದದ್ದೊಂದು ಮುಂದಕ್ಕೆ ಜಾರಿ ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. ಅದು ಕೆಳದವಡೆಯ ಮೂಳೆಯ ತಲೆ. ಅದು ಕೂಡುವ ಗುಳಿ ತಲೆಬುರುಡೆಯಲ್ಲಿದೆ. ಗುಳಿಯ ಹಿಂದಿರುವುದೇ ಕಿವಿಯ ನಾಳದ ಮುಂಗೋಡೆ, ನಡುವೆ ತೆಳು ಮೂಳೆ ಅಷ್ಟೆ. ಡಾಕ್ಟರುಗಳು ಈ ಕೀಲಿಗೆ ಟಿಎಂಜೆ ಅನ್ನುತ್ತಾರೆ, ಅದರ ತೊಂದರೆಗಳಿಗೆಲ್ಲ ಸೇರಿಸಿ ಟಿಎಂಡಿ ಅನ್ನುತ್ತಾರೆ.

ಮೂಳೆಯ ತಲೆ ಮತ್ತು ಗುಳಿ ನೇರವಾಗಿ ಒಂದಕ್ಕೊಂದು ತಾಗುವುದಿಲ್ಲ. ನಡುವೆ ಒಂದು ಗಟ್ಟಿ ನಾರಿನ ಬಿಲ್ಲೆ ಇದೆ. ನೀರಿನ ಕೊಡ ಹೊರುವವರು ತಲೆಗೂ ಕೊಡಕ್ಕೂ ನಡುವೆ ಇಡುವ ಸಿಂಬಿಯ ಹಾಗೆ ಅದು: ಅಂಚು ದಪ್ಪ, ನಡುವೆ ತೆಳು. ಬಾಯಿ ತೆರೆಯುವ ಮೊದಲ 20–25 ಮಿಲಿಮೀಟರ್ ತನಕ ಮೂಳೆಯ ತಲೆ ಇದ್ದಲ್ಲೇ ತಿರುಗುತ್ತದೆ. ಅದಕ್ಕಿಂತ ಹೆಚ್ಚು ತೆರೆದಾಗ ಬಿಲ್ಲೆಯನ್ನು ಜೊತೆಗೆ ಕರೆದುಕೊಂಡು ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಬಿಲ್ಲೆ ತನ್ನ ಜಾಗ ಬಿಟ್ಟು ಮುಂದೆ ಸರಿದಿದ್ದರೆ, ತಲೆ ಅದರ ದಪ್ಪ ಅಂಚನ್ನು ಹಾರಿ ಒಳಗೆ ಕೂಡುವಾಗ "ಟಕ್" ಎನ್ನುತ್ತದೆ. ಮುಚ್ಚುವಾಗ ಮತ್ತೆ ಜಾರಿ ಇನ್ನೊಂದು ಸಣ್ಣ "ಟಕ್". ಕಿವಿಗೆ ಅಂಟಿಕೊಂಡೇ ನಡೆಯುವುದರಿಂದ ಈ ಸಪ್ಪಳ ರೋಗಿಗೆ ಬಹಳ ಜೋರಾಗಿ ಕೇಳುತ್ತದೆ, ಎದುರು ಕೂತವರಿಗೆ ಕೇಳದೆಯೂ ಇರಬಹುದು. ನೋವಿಲ್ಲದ, ಬಾಯಿ ಪೂರ್ತಿ ತೆರೆಯುವ ಬರೀ "ಟಕ್"ಗೆ ಚಿಕಿತ್ಸೆ ಬೇಕಿಲ್ಲ. ಬಹಳ ಜನರಿಗೆ ಅದು ವರ್ಷಗಟ್ಟಲೆ ಹಾಗೇ ಇರುತ್ತದೆ. ಟಕ್ ಬದಲು ಮರಳು ತಿಕ್ಕಿದಂಥ ಕರಕರ ಸಪ್ಪಳ ಇದ್ದರೆ ಕೀಲು ಸವೆದಿರುವ ಅನುಮಾನ, ಅದನ್ನು ತೋರಿಸಬೇಕು.

ಬಿಲ್ಲೆಯ ಹಿಂದೆ ರಕ್ತನಾಳ, ನರಗಳು ತುಂಬಿದ ಮೆದು ಅಂಗಾಂಶ ಇದೆ. ಬಿಲ್ಲೆ ಮುಂದೆ ಸರಿದಾಗ ಮೂಳೆಯ ತಲೆ ಈ ಮೆದು ಭಾಗದ ಮೇಲೆ ಕೂಡುತ್ತದೆ, ಅದು ಬಾತುಕೊಳ್ಳುತ್ತದೆ. ಕಿವಿಯೊಳಗೇ ಚುಚ್ಚುತ್ತಿದೆ ಅನ್ನಿಸುವುದು ಹೀಗೆ.

ಇನ್ನೊಂದು ಕಾರಣ ನರದ್ದು. ಕೀಲಿಗೆ ಸಂವೇದನೆ ಕೊಡುವ ಆರಿಕ್ಯುಲೋಟೆಂಪೊರಲ್ ನರವೇ ಕಿವಿಯ ನಾಳದ ಮುಂಭಾಗಕ್ಕೂ, ಪರದೆಯ ಹೊರಮೈಯ ಒಂದು ಭಾಗಕ್ಕೂ, ಕಪಾಲಕ್ಕೂ, ಅಂದರೆ ಕಣ್ಣು-ಕಿವಿ ನಡುವಿನ ತಲೆಯ ಬದಿಗೂ ಹೋಗುತ್ತದೆ. ಮುಖದ ದೊಡ್ಡ ನರವಾದ ಟ್ರೈಜೆಮಿನಲ್‌ನ ಮೂರನೇ ಕವಲಿನಿಂದ ಅದು ಹುಟ್ಟುತ್ತದೆ. ಒಂದೇ ನರದ ಮೇಲೆ ಬಂದ ಸುದ್ದಿ ಕೀಲಿನದೋ ಕಿವಿಯದೋ ಅಂತ ಮಿದುಳಿಗೆ ಸರಿಯಾಗಿ ಬಿಡಿಸಲಾಗುವುದಿಲ್ಲ. ಅದೇ ಮೂರನೇ ಕವಲು ಅಗಿಯುವ ಸ್ನಾಯುಗಳನ್ನೂ, ಕಿವಿಯ ಪರದೆಯನ್ನು ಬಿಗಿ ಮಾಡುವ ಸಣ್ಣ ಸ್ನಾಯುವನ್ನೂ, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆಯನ್ನು ತೆರೆಯುವ ಸ್ನಾಯುವನ್ನೂ ನಡೆಸುತ್ತದೆ. ದವಡೆ ಬಿಗಿದಾಗ ಕಿವಿ ಕಟ್ಟಿದ ಹಾಗಾಗುವುದು, ಗುಂಯ್ ಅನ್ನುವುದು ಇದರಿಂದ ಇರಬಹುದು. ಕಿವಿಯ ಕೇಳುವ ಪರೀಕ್ಷೆ, ಪರದೆಯ ಒತ್ತಡದ ಪರೀಕ್ಷೆ ಎರಡೂ ಸರಿ ಬಂದಿದ್ದರೆ ಈ ಕಟ್ಟಿದ ಭಾವನೆಗೆ ಕಿವಿಯ ನೀರು ಕಾರಣ ಅಲ್ಲ.

ಕೀಲಿಗಿಂತ ಹೆಚ್ಚಾಗಿ ಸ್ನಾಯುಗಳೇ ತಪ್ಪಿತಸ್ಥರು. ಕೆನ್ನೆಯಲ್ಲಿ ಹಲ್ಲು ಕಚ್ಚಿದಾಗ ಉಬ್ಬುವ ಮ್ಯಾಸೆಟರ್ ಸ್ನಾಯುವಿನ ಒಳಪದರದಲ್ಲಿ ಗಂಟು ಕಟ್ಟಿದರೆ ನೋವು ನೇರ ಕಿವಿಯೊಳಗೆ ಕಾಣಿಸುತ್ತದೆ. ಕೀಲಿನ ಹತ್ತಿರ ಒಳಗಡೆ ಇರುವ ಟೆರಿಗಾಯ್ಡ್ ಸ್ನಾಯುಗಳದೂ ಅದೇ ಕಥೆ. ಕುತ್ತಿಗೆಯ ಬದಿಯಲ್ಲಿ ಕಿವಿಯ ಹಿಂದಿನಿಂದ ಎದೆ ಎಲುಬಿಗೆ ಇಳಿಯುವ ದಪ್ಪ ಸ್ನಾಯು ಕೂಡ ಕಿವಿಗೆ ನೋವು ಕಳಿಸುತ್ತದೆ. ಹೀಗಾಗಿ ತಾಸುಗಟ್ಟಲೆ ತಲೆ ಬಗ್ಗಿಸಿ ಮೊಬೈಲ್ ನೋಡುವವರಲ್ಲಿ, ಓದಲು ಕೂತವರಲ್ಲಿ ಕುತ್ತಿಗೆ, ದವಡೆ, ಕಿವಿ ಮೂರೂ ಒಟ್ಟಿಗೆ ನೋಯುವುದುಂಟು.

ಕಿವಿಯ ಲಕ್ಷಣಗಳನ್ನು ಈ ಕೀಲಿಗೆ ಜೋಡಿಸಿ ವಿವರವಾಗಿ ಬರೆದವರು ಅಮೆರಿಕದ ಸೇಂಟ್ ಲೂಯಿಸ್‌ನ ಇಎನ್‌ಟಿ ವೈದ್ಯ ಜೇಮ್ಸ್ ಕಾಸ್ಟೆನ್, 1934ರಲ್ಲಿ. ದವಡೆ ಹಲ್ಲು ಬಿದ್ದವರಲ್ಲಿ ಕೆಳದವಡೆ ಅತಿಯಾಗಿ ಮುಚ್ಚಿ ಹಿಂದಕ್ಕೆ ಒತ್ತುತ್ತದೆ, ಅದರಿಂದಲೇ ಕಿವಿ ನೋವು ಅಂತ ಅವರು ಕಾರಣ ಕೊಟ್ಟರು. ಅವರು ಕಂಡಿದ್ದು ಸರಿ, ಕೊಟ್ಟ ಕಾರಣ ಮುಂದೆ ನಿಲ್ಲಲಿಲ್ಲ. ಆದರೆ ಆ ಕಾರಣದ ನೆರಳು ಇನ್ನೂ ಇದೆ: "ಹಲ್ಲಿನ ಎತ್ತರ ಹೆಚ್ಚಿಸಿದರೆ, ಹಲ್ಲು ತಿಕ್ಕಿ ಸಮ ಮಾಡಿದರೆ, ಎಲ್ಲದಕ್ಕೂ ಕ್ಯಾಪ್ ಹಾಕಿದರೆ ಕಿವಿ ನೋವು ಹೋಗುತ್ತದೆ" ಎನ್ನುವವರು ಸಿಗುತ್ತಾರೆ. ಒಮ್ಮೆ ತಿಕ್ಕಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ದವಡೆ ಕೀಲಿನ ನೋವಿಗೆ ಮೊದಲ ಚಿಕಿತ್ಸೆಯಾಗಿ ಇಂಥದ್ದಕ್ಕೆ ಒಪ್ಪಬೇಡಿ, ನನ್ನ ಮಾತು ಖಡಕ್ಕಾಗಿಯೇ ಇರಲಿ.

ಯಾವುದು ಕಿವಿಯದು, ಯಾವುದು ದವಡೆಯದು

ಕಿವಿಯ ಹಾಲೆ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆದಾಗ ನೋವು ಜೋರಾದರೆ ಅದು ಕಿವಿಯ ಹೊರನಾಳದ ಸೋಂಕು. ತುರಿಕೆ, ಸೋರುವುದು, ಕಡ್ಡಿ ಹಾಕಿ ಕೆರೆದ ಇತಿಹಾಸ ಜೊತೆಗಿರುತ್ತದೆ. ನೆಗಡಿ, ಜ್ವರ ಬಂದು ಎರಡು ದಿನಕ್ಕೆ ಕಿವಿ ಮಿಡಿಯುತ್ತ ನೋಯುವುದು, ಕೇಳುವುದು ಮಂದ ಆಗುವುದು, ಆಮೇಲೆ ಕೀವು ಬಂದು ನೋವು ಕಡಿಮೆಯಾಗುವುದು ಪರದೆಯ ಹಿಂದಿನ ಸೋಂಕು, ಮಕ್ಕಳಲ್ಲಿ ಹೆಚ್ಚು. ಇವೆರಡಕ್ಕೂ ಇಎನ್‌ಟಿ ಬೇಕು.

ದವಡೆಯ ನೋವಿನ ನಡತೆ ಬೇರೆ. ಮಂದವಾಗಿ ಎಳೆಯುತ್ತಿರುತ್ತದೆ, ಅಗಿಯುವಾಗ, ಆಕಳಿಸುವಾಗ, ಬಹಳ ಹೊತ್ತು ಮಾತಾಡಿದ ಮೇಲೆ ಏರುತ್ತದೆ. ಕಪಾಲಕ್ಕೆ, ಕೆನ್ನೆಗೆ, ಕೆಳಗಿನ ಹಲ್ಲಿಗೆ ಹರಡುತ್ತದೆ. ಕಿವಿ ಸೋರುವುದಿಲ್ಲ, ಜ್ವರ ಇರುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ ಇದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು. ಸಂಜೆಗೆ ಏರುತ್ತಿದ್ದರೆ ಹಗಲಲ್ಲಿ ಗೊತ್ತಿಲ್ಲದೆ ಹಲ್ಲು ಬಿಗಿಯುತ್ತಿರಬಹುದು. ಕನ್ನಡಿಯಲ್ಲಿ ನಾಲಿಗೆಯ ಅಂಚು ನೋಡಿ: ಹಲ್ಲಿನ ಅಚ್ಚು ಬಿದ್ದು ಅಲೆಅಲೆಯಾಗಿದ್ದರೆ, ಕೆನ್ನೆಯ ಒಳಮೈಯಲ್ಲಿ ಹಲ್ಲು ಕೂಡುವ ಮಟ್ಟಕ್ಕೆ ಬಿಳಿ ಗೆರೆ ಇದ್ದರೆ, ಹಲ್ಲಿನ ತುದಿಗಳು ಚಪ್ಪಟೆಯಾಗಿದ್ದರೆ ಬಿಗಿಯುವ ಅಭ್ಯಾಸಕ್ಕೆ ಸಾಕ್ಷಿ. ಮನಸ್ಸಿನ ಕಾಯಿಲೆಗೆ ಕೊಡುವ ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಜಾತಿಯ ಗುಳಿಗೆಗಳೂ ಕೆಲವರಲ್ಲಿ ಹಲ್ಲು ಬಿಗಿಯಿಸುತ್ತವೆ. ತಾವೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರಿಗೆ ಹೇಳಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಕೀಲಿನ ಮೇಲೆ ಬೆರಳಿಟ್ಟು ಒತ್ತಿ, ನೋವು ಎಡಬಲ ಸಮ ಇದೆಯೇ ನೋಡಿ. ಆಮೇಲೆ ಹಲ್ಲು ಒಮ್ಮೆ ಕಚ್ಚಿ ಸ್ನಾಯು ಎಲ್ಲಿ ಉಬ್ಬುತ್ತದೆ ಗುರುತಿಸಿ, ಬಿಟ್ಟು, ಅಲ್ಲಿ ಎರಡು ಬೆರಳಿಂದ ಐದು ಸೆಕೆಂಡು ಒತ್ತಿ ಹಿಡಿಯಿರಿ. "ಇದೇ ನೋವು, ಕಿವಿಗೆ ಹೋಗ್ತದ" ಅನ್ನಿಸಿದರೆ ಮೂಲ ಸಿಕ್ಕಿತು. ಬೇರೆ ನೋವಾದರೆ ಲೆಕ್ಕಕ್ಕಿಲ್ಲ. ನಿಮ್ಮದೇ ನೋವು ಮರುಕಳಿಸಬೇಕು. ಕೊನೆಗೆ ಕನ್ನಡಿ ಮುಂದೆ ಬಾಯಿ ತೆರೆಯಿರಿ. ನಿಮ್ಮ ತೋರುಬೆರಳು, ನಡುಬೆರಳು, ಉಂಗುರದ ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ, ಕೆಳಗಿನ ಮುಂಹಲ್ಲಿನ ನಡುವೆ ಹಿಡಿಯಬೇಕು. ಸರಿಯಾಗಿ ಅಳೆಯಬೇಕೆಂದರೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ಸಾಕು: ದೊಡ್ಡವರಲ್ಲಿ 40 ಮಿಲಿಮೀಟರ್‌ಗಿಂತ ಹೆಚ್ಚು ಬರಬೇಕು, 35ಕ್ಕಿಂತ ಕಡಿಮೆ ಇದ್ದರೆ ತೊಂದರೆ. ಗದ್ದ ಒಂದು ಪಕ್ಕಕ್ಕೆ ವಾಲಿ ಅಲ್ಲೇ ನಿಂತರೆ ಆ ಪಕ್ಕದ ಕೀಲು ಸಿಕ್ಕಿಕೊಂಡಿರಬಹುದು.

ಕೆಳಗಿನ ಬುದ್ಧಿಹಲ್ಲನ್ನು ಮರೆಯಬೇಡಿ. ಅರ್ಧ ಮೂಡಿದ ಬುದ್ಧಿಹಲ್ಲಿನ ಮೇಲೆ ಒಸಡು ಬಾತರೆ, ಕೊನೆಯ ದವಡೆ ಹಲ್ಲು ಹುಳುಕಾದರೆ ಕಿವಿ ಥೇಟ್ ಹೀಗೇ ನೋಯುತ್ತದೆ, ಬಾಯಿಯೂ ಕಟ್ಟುತ್ತದೆ. ಅದಕ್ಕೆ ದಂತವೈದ್ಯರು ಎಲ್ಲಕ್ಕಿಂತ ಮೊದಲು ಹಲ್ಲು ತಟ್ಟಿ, ಎಕ್ಸ್‌ರೇ ತೆಗೆದು ನೋಡುತ್ತಾರೆ.

ಗುಟ್ಕಾ, ಅಡಿಕೆ, ತಂಬಾಕು ಇರುವವರಿಗೆ ಬೇರೆ ಮಾತು

ನಮ್ಮ ಕಡೆ ಈ ವಿಷಯ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ. ಆದರೂ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡೂ ಕೂಡಿಸಿ ಬಾಯಿಗೆ ಸುರಿದುಕೊಳ್ಳುವುದು ಬಸ್ ಸ್ಟ್ಯಾಂಡಿನಿಂದ ಹೊಲದವರೆಗೆ ನಡೆದೇ ಇದೆ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಳಿಚಿ ಗಟ್ಟಿ ಪಟ್ಟಿಗಳಾಗಿ ಬಾಯಿ ಕಟ್ಟುತ್ತ ಬರುತ್ತದೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಅದರ ಹೆಸರು. ಅಂಗುಳಿನ ಸ್ನಾಯುಗಳಿಗೂ ಹಬ್ಬಿದರೆ ಕಿವಿ ನೋವು, ಕಿವಿ ಕಟ್ಟುವುದು ಇದರಲ್ಲೂ ಬರುತ್ತದೆ. ಕೀಲಿನ ತೊಂದರೆಯಿಂದ ಬೇರೆ ಮಾಡುವುದು ಸುಲಭ: ಖಾರ ತಿಂದರೆ ಬಾಯಿ ಉರಿಯುತ್ತದೆ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯೂ ತಡೆಯಲಾಗುವುದಿಲ್ಲ. ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬಾಯಿ ಸಣ್ಣದಾಗುತ್ತದೆ. ಕೆನ್ನೆಯೊಳಗೆ ಬೆರಳಾಡಿಸಿದರೆ ಮೇಲಿಂದ ಕೆಳಗೆ ಹಗ್ಗದಂತೆ ಬಿಗಿ ತಾಗುತ್ತದೆ. ನಾಲಿಗೆ ಪೂರ್ತಿ ಹೊರಗೆ ಬರುವುದಿಲ್ಲ, ಸಿಳ್ಳೆ ಹೊಡೆಯಲು ಆಗುವುದಿಲ್ಲ. ಇದು ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ. ಅಡಿಕೆ ಪೂರ್ತಿ ಬಿಡದೆ ಯಾವ ಇಂಜೆಕ್ಷನ್ನೂ, ಯಾವ ವ್ಯಾಯಾಮವೂ ಇದನ್ನು ತಡೆಯುವುದಿಲ್ಲ.

ಇದಕ್ಕಿಂತ ಭಯದ ಮಾತು ಇನ್ನೊಂದಿದೆ. ನಾಲಿಗೆಯ ಬೇರು, ಟಾನ್ಸಿಲ್, ಗಂಟಲಿನ ಕೆಳಭಾಗದ ಕ್ಯಾನ್ಸರ್ ಕೆಲವರಲ್ಲಿ ಮೊದಲು ಕಾಣಿಸುವುದೇ ಒಂದೇ ಕಡೆಯ ಕಿವಿ ನೋವಾಗಿ. ಗಂಟಲಿನ ನರಗಳ ಕವಲೂ ಕಿವಿಗೆ ಬರುತ್ತವೆ, ಅದಕ್ಕೆ ಹೀಗೆ. ತಂಬಾಕು, ಬೀಡಿ, ಸೆರೆ ಅಭ್ಯಾಸ ಇರುವವರಿಗೆ ಮೂರು ವಾರ ಮೀರಿ ಒಂದೇ ಕಿವಿ ನೋಯುತ್ತಿದ್ದು ಕಿವಿ ಸಾಫ್ ಇದ್ದರೆ "ದವಡೆ ನೋವು ಇರಬೇಕು" ಅಂತ ಈ ಬರಹ ಓದಿ ಮನೆಯಲ್ಲಿ ಕೂಡಬಾರದು. ನುಂಗುವಾಗ ನೋವು, ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ, ದನಿ ಬದಲಾಗಿರುವುದು, ಉಗುಳಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ತೂಕ ಇಳಿದಿರುವುದು, ಇವುಗಳಲ್ಲಿ ಒಂದಿದ್ದರೂ ಮೂರು ವಾರ ಕಾಯುವುದೂ ಬೇಡ. ಇಎನ್‌ಟಿ ಡಾಕ್ಟರಿಗೆ "ಗಂಟಲಿಗೆ ಸ್ಕೋಪ್ ಹಾಕಿ ನೋಡ್ರಿ" ಅಂತ ಬಾಯಿಬಿಟ್ಟು ಕೇಳಿ. ಮೂಗಿನಿಂದ ತೆಳು ಕ್ಯಾಮೆರಾ ಬಿಟ್ಟು ಕೆಲವೇ ನಿಮಿಷದಲ್ಲಿ ನೋಡುತ್ತಾರೆ. ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೇ ಇದೆ, ಮೊದಲ ತಪಾಸಣೆಗೆ ಬೆಂಗಳೂರಿಗೆ ಓಡಬೇಕಿಲ್ಲ.

ಐವತ್ತು ದಾಟಿದವರಲ್ಲಿ ಹೊಸದಾಗಿ ಕಪಾಲ ನೋವು, ಅಗಿಯುತ್ತ ಹೋದಂತೆ ದವಡೆ ಸೋತು ಬರುವುದು, ಬಾಚಣಿಗೆ ತಾಗಿದರೂ ತಲೆ ನೋಯುವುದು ಒಟ್ಟಿಗೆ ಬಂದರೆ ಕಪಾಲದ ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ಕಣ್ಣು ಹೋಗುತ್ತದೆ, ಅಂದೇ ಆಸ್ಪತ್ರೆ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು ನಿಂತಾಗ ಹೋಗುತ್ತಿದ್ದರೆ ಅದು ಹೃದಯದ ನೋವಿರಬಹುದು, ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯ ವಯಸ್ಸಾದವರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿ ನೋವು, ಜೊತೆಗೆ ಕಿವಿ ಸೋರುವುದು ಇದ್ದರೆ ಮೂಳೆಗೆ ಇಳಿಯುವ ಸೋಂಕಿನ ಭಯ. ಕಿವಿಯಲ್ಲಿ ನೀರುಗುಳ್ಳೆ ಎದ್ದು ಬಾಯಿ ಸೊಟ್ಟಾದರೂ ತಡ ಸಲ್ಲದು.

ದವಡೆಗೆ ವಿಶ್ರಾಂತಿ ಕೊಡುವುದು ಹೇಗೆ

ಇವೆಲ್ಲ ಇಲ್ಲ, ಇದು ದವಡೆಯದೇ ಅಂತ ಖಾತ್ರಿಯಾಯಿತು ಅನ್ನಿ. ಆಗ ಒಳ್ಳೆಯ ಸುದ್ದಿ: ಹೆಚ್ಚಿನವರಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಸಾದಾ ಉಪಚಾರದಲ್ಲೇ ಕಡಿಮೆಯಾಗುತ್ತದೆ. ಷರತ್ತು ಒಂದೇ, ಬಿಟ್ಟುಬಿಟ್ಟು ಮಾಡಬಾರದು.

ಮೊದಲನೆಯದು ಹಲ್ಲುಗಳನ್ನು ಬೇರೆ ಇಡುವುದು. ಮೇಲಿನ, ಕೆಳಗಿನ ಹಲ್ಲು ಕೂಡಬೇಕಾದ್ದು ಅಗಿಯುವಾಗ, ನುಂಗುವಾಗ ಮಾತ್ರ. ಉಳಿದ ಹೊತ್ತೆಲ್ಲ ನಡುವೆ 2–4 ಮಿಲಿಮೀಟರ್ ಸಂದು ಇರಬೇಕು. "ಲ" ಅನ್ನುವಾಗ ನಾಲಿಗೆಯ ತುದಿ ತಾಗುವ ಜಾಗವಿದೆಯಲ್ಲ, ಮೇಲಿನ ಮುಂಹಲ್ಲಿನ ಹಿಂದೆ, ಅಲ್ಲಿ ನಾಲಿಗೆ ಇಡಿ. ತುಟಿ ಮುಚ್ಚಿ, ಹಲ್ಲು ಬಿಡಿ, ಮೂಗಿನಿಂದ ಉಸಿರಾಡಿ. ಇದನ್ನು ನೆನಪಿಡುವುದೇ ಕಷ್ಟ. ಮೊಬೈಲ್ ಹಿಂದೆ, ಬೈಕಿನ ಟ್ಯಾಂಕ್ ಮೇಲೆ, ಒಲೆಯ ಹಿಂದಿನ ಗೋಡೆಗೆ ಒಂದೊಂದು ಸಣ್ಣ ಬಣ್ಣದ ಚೀಟಿ ಅಂಟಿಸಿ. ಕಂಡಾಗೊಮ್ಮೆ ಹಲ್ಲು ಕೂಡಿದೆಯೇ ನೋಡಿ, ಕೂಡಿದ್ದರೆ ಬಿಡಿಸಿ. ಹಗಲಿನ ಬಿಗಿತ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಎರಡನೆಯದು ಊಟ, ಕಲಬುರಗಿಯವರಿಗೆ ಇದು ದೊಡ್ಡ ಪರೀಕ್ಷೆ. ಕಡಕ್ ರೊಟ್ಟಿಯನ್ನು ಕಚ್ಚುವುದು, ಎಳ್ಳು ಹಚ್ಚಿದ ಒಣ ಸಜ್ಜಿ ರೊಟ್ಟಿ ಅಗಿಯುವುದು ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ನಿಲ್ಲಬೇಕು. ರೊಟ್ಟಿಯೇ ಬಿಡಬೇಕಿಲ್ಲ. ಬಿಸಿ ಜೋಳದ ರೊಟ್ಟಿ ಸಣ್ಣಗೆ ಮುರಿದು ಬಿಸಿ ಬ್ಯಾಳಿಯಲ್ಲಿ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಮೇಲೆ ಕಲಸಿ ಉಣ್ಣಿ. ಜೋಳದ ನುಚ್ಚು ಮಜ್ಜಿಗಿ, ಅಂಬಲಿ, ಅನ್ನ ತೊಗರಿ ಬ್ಯಾಳಿ, ಚೆನ್ನಾಗಿ ಬೆಂದ ಪುಂಡಿ ಪಲ್ಯ, ಬಾಳೆಹಣ್ಣು, ಪಪ್ಪಾಯಿ ಎಲ್ಲ ನಡೆಯುತ್ತವೆ. ಹುರಿದ ಶೇಂಗಾ, ಪುಟಾಣಿ, ಒಣ ಕೊಬ್ಬರಿ, ಕಬ್ಬು, ಗಟ್ಟಿ ಪೇರಲ, ಸರಿಯಾಗಿ ಬೇಯದ ಮಟನ್ ಬೇಡ. ತಹರಿ ತಿನ್ನುವುದಾದರೆ ಅನ್ನ ತಿನ್ನಿ, ಪೀಸ್ ಬಿಡಿ. ಚೂಯಿಂಗ್ ಗಮ್, ಅಡಿಕೆ ಇಡೀ ದಿನ ಸ್ನಾಯುವನ್ನು ದುಡಿಸುತ್ತವೆ, ಅವೆರಡೂ ಪೂರ್ತಿ ಬಂದ್. ಸೇಬು, ಸೌತೆಕಾಯಿಯನ್ನು ಮುಂಹಲ್ಲಿನಿಂದ ಕಚ್ಚದೆ ಚಾಕುವಿನಿಂದ ಹೆಚ್ಚಿ ತಿನ್ನಿ. ನೋಯದ ಪಕ್ಕದಲ್ಲೇ ಎಲ್ಲವನ್ನೂ ಅಗಿಯುವ ರೂಢಿ ಬೇಡ. ತುತ್ತು ಸಣ್ಣದಿದ್ದರೆ ಎರಡೂ ಕಡೆ ಅಗಿಯಲು ಬರುತ್ತದೆ.

ಕಾವು ಕೊಡುವುದು ಹೀಗೆ: ದಪ್ಪ ಕೈವಸ್ತ್ರ ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಂಗೈ ಒಳಮೈಗೆ ತಾಗಿಸಿ ಸುಡುವುದಿಲ್ಲ ಅಂತ ನೋಡಿ, ಕಪಾಲದಿಂದ ದವಡೆಯ ಮೂಲೆವರೆಗೆ ಇಡಿ. ಮೇಲೆ ಒಣ ಬಟ್ಟೆ ಮುಚ್ಚಿದರೆ ಕಾವು ನಿಲ್ಲುತ್ತದೆ. ಆರಿದಂತೆ ಮತ್ತೆ ಅದ್ದಿ, ಒಟ್ಟು 15–20 ನಿಮಿಷ, ದಿನಕ್ಕೆ ಮೂರು ಸಲ. ಹಂಚಿನ ಮೇಲೆ ಕಾಯಿಸಿದ ಉಪ್ಪಿನ ಗಂಟೂ ಆಗುತ್ತದೆ, ಆದರೆ ಅದು ಬೇಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಅದು ಬೇಡ. ಪೆಟ್ಟು ಬಿದ್ದ ಮೊದಲ ಎರಡು ದಿನ ಕಾವಿನ ಬದಲು ಬಟ್ಟೆಯಲ್ಲಿ ಸುತ್ತಿದ ಐಸ್, ಒಮ್ಮೆಗೆ ಹತ್ತು ನಿಮಿಷ.

ಕಾವಿನ ನಂತರ ಸ್ನಾಯು ಸಡಿಲಾಗಿರುವಾಗಲೇ ವ್ಯಾಯಾಮ. ಕನ್ನಡಿ ಮುಂದೆ ಕೂತು, ನಾಲಿಗೆಯನ್ನು ಅದೇ "ಲ" ಜಾಗದಲ್ಲಿಟ್ಟು, ಅದು ಬಿಡದ ಹಾಗೆ ಎಷ್ಟು ತೆರೆಯುತ್ತದೋ ಅಷ್ಟೇ ಬಾಯಿ ತೆರೆಯಿರಿ. ನಾಲಿಗೆ ಮೇಲಿದ್ದಾಗ ದವಡೆ ಬರೀ ತಿರುಗುತ್ತದೆ, ಮುಂದಕ್ಕೆ ಜಾರುವುದಿಲ್ಲ, ಹಾಗಾಗಿ ಟಕ್ ಬರುವುದಿಲ್ಲ. ಗದ್ದ ನೇರ ಇಳಿಯುತ್ತಿದೆಯೇ ಕನ್ನಡಿಯಲ್ಲಿ ನೋಡುತ್ತಿರಿ. ಆರು ಸಲ, ದಿನಕ್ಕೆ ಆರು ಹೊತ್ತು. ಆಮೇಲೆ ಬಾಯಿ ಒಂದು ಬೆರಳಷ್ಟು ತೆರೆದು, ಗದ್ದದ ಕೆಳಗೆ ಹೆಬ್ಬೆರಳಿಟ್ಟು ಮೇಲಕ್ಕೆ ಹಗುರಾಗಿ ತಳ್ಳಿ. ದವಡೆ ಅಲುಗಬಾರದು, ಆರು ಸೆಕೆಂಡು ತಡೆದು ಹಿಡಿಯಬೇಕು. ಹೀಗೇ ಎಡಕ್ಕೆ, ಬಲಕ್ಕೆ. ಜೋರು ಹಾಕಿದರೆ ಕೆಡುತ್ತದೆ, ಎರಡು ಬೆರಳ ತೂಕ ಸಾಕು. ಕೆನ್ನೆಯ ಸ್ನಾಯುವನ್ನು ಕೆನ್ನೆಯೆಲುಬಿನಿಂದ ಕೆಳಗೆ ದವಡೆ ಮೂಲೆಯವರೆಗೆ ಒಂದು ನಿಮಿಷ ನಿಧಾನ ಉಜ್ಜುವುದೂ ಒಳ್ಳೆಯದು. ವ್ಯಾಯಾಮದ ಮೇಲೆ ನೋವು ಸ್ವಲ್ಪ ಹೊತ್ತು ಇರಬಹುದು, ಮರುದಿನವೂ ಇದ್ದರೆ ನೀವು ಹೆಚ್ಚು ಮಾಡುತ್ತಿದ್ದೀರಿ.

ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಹಿಡಿಯಿರಿ. ಅಂಗೈ ಮೇಲೆ ಗದ್ದ ಊರಿ ಓದುವುದು, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿ ಮಾತಾಡುವುದು, ಬೋರಲಾಗಿ ಮಲಗುವುದು ಬಿಡಿ.

ಗುಳಿಗೆ, ಪ್ಲೇಟು, ಸ್ಕ್ಯಾನು

ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಆರು ತಾಸಿಗೊಮ್ಮೆ, ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ. ಸಾಲದಿದ್ದರೆ ಡಾಕ್ಟರನ್ನು ಕೇಳಿ ಐಬುಪ್ರೊಫೇನ್ 400 ಮಿಲಿಗ್ರಾಂ, ಊಟದ ಮೇಲೆ ದಿನಕ್ಕೆ ಮೂರು ಸಲ, ಐದರಿಂದ ಏಳು ದಿನ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ದಮ್ಮು, ಗರ್ಭ ಇದ್ದವರಿಗೆ ಐಬುಪ್ರೊಫೇನ್ ಸಲ್ಲದು. ಏಪ್ರಿಲ್, ಮೇ ಬಿಸಿಲಲ್ಲಿ ಹೊಲದಲ್ಲೋ ಕಟ್ಟಡದ ಮೇಲೋ ದುಡಿದು ನೀರು ಕಡಿಮೆಯಾದ ಮೈಗೆ ಈ ಜಾತಿಯ ಗುಳಿಗೆ ಕಿಡ್ನಿಗೆ ನೇರ ಪೆಟ್ಟು. ಅಂಥ ದಿನ ಪ್ಯಾರಾಸಿಟಮಾಲ್‌ನಲ್ಲೇ ಮುಗಿಸಿ. ಬಹಳ ದಿನದ ನೋವಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಕೊಡುವುದುಂಟು, ಅದು ವೈದ್ಯರ ಚೀಟಿಯ ಮೇಲೆ ಮಾತ್ರ. ಆಂಟಿಬಯೋಟಿಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಕಿವಿಗೆ ಎಣ್ಣೆಯಂತೂ ಬೇಡ: ಪರದೆಯಲ್ಲಿ ತೂತಿದ್ದರೆ ಅದು ಪರದೆಯ ಹಿಂದಿನ ನಡುಕಿವಿಗೆ ಇಳಿಯುತ್ತದೆ, ಬಿಸಿ ಹೆಚ್ಚಿದ್ದರೆ ಸುಡುತ್ತದೆ, ಒದ್ದೆ ಕಿವಿಯಲ್ಲಿ ಬೂಸು ಬೆಳೆಯುತ್ತದೆ. ಇಲ್ಲದ ಕಿವಿ ರೋಗ ಹೀಗೆ ನಿಜವಾಗಿ ಬರುತ್ತದೆ.

ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಹಾಕಿಕೊಂಡು ಮಲಗುವ ಪ್ಲೇಟು ಉಪಯೋಗ. ಒಳ್ಳೆಯ ಪ್ಲೇಟು ಗಟ್ಟಿ ಅಕ್ರಿಲಿಕ್‌ನದು, ಒಂದು ದವಡೆಯ ಎಲ್ಲ ಹಲ್ಲನ್ನೂ ಮುಚ್ಚುತ್ತದೆ, ಸುಮಾರು 2–3 ಮಿಲಿಮೀಟರ್ ದಪ್ಪ. ಎರಡೂ ದವಡೆಯ ಅಳತೆ ತೆಗೆದು ಮಾಡಿ, ಬಾಯಲ್ಲಿಟ್ಟು, ನೀಲಿ ಕಾಗದ ಕಚ್ಚಿಸಿ ಎಲ್ಲ ಹಲ್ಲೂ ಸಮ ತಾಗುವ ತನಕ ತಿಕ್ಕಿ ಕೂಡಿಸಬೇಕು. ಒಂದೆರಡು ವಾರಕ್ಕೆ ಮತ್ತೆ ಕರೆದು ಸರಿಪಡಿಸಬೇಕು. ಕೊಟ್ಟು ಕಳಿಸಿ ಮರೆತರೆ ಪ್ಲೇಟಿನಿಂದ ಪ್ರಯೋಜನ ಅರ್ಧ. ಬಿಸಿನೀರಲ್ಲಿ ಅದ್ದಿ ತಾವೇ ಕಚ್ಚಿ ಮಾಡಿಕೊಳ್ಳುವ ಮೆತ್ತನೆ ಗಾರ್ಡುಗಳು ಕೆಲವರಿಗೆ ಅಗಿಯುವ ಆಸೆ ಹುಟ್ಟಿಸಿ ಬಿಗಿತ ಹೆಚ್ಚಿಸುತ್ತವೆ. ಮುಂಹಲ್ಲನ್ನಷ್ಟೇ ಮುಚ್ಚುವ ಸಣ್ಣ ಪ್ಲೇಟನ್ನು ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ಹಲ್ಲು ಮೇಲೇರಿ ಕಚ್ಚುವ ಅಳತೆಯೇ ಕೆಡಬಹುದು. ಪ್ಲೇಟನ್ನು ತಣ್ಣೀರು, ಸೋಪು, ಬ್ರಷ್‌ನಿಂದ ತೊಳೆಯಿರಿ, ಬಿಸಿನೀರು ಬೇಡ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ.

ಎಲ್ಲರಿಗೂ ಎಂಆರ್‌ಐ ಬೇಕಿಲ್ಲ. ಹಲ್ಲು, ಮೂಳೆ ನೋಡಲು ಎರಡೂ ದವಡೆಯನ್ನು ಒಟ್ಟಿಗೆ ತೋರಿಸುವ ಒಪಿಜಿ ಎಕ್ಸ್‌ರೇ ಮೊದಲು. ಮೂಳೆ ಸವೆದ, ಮುರಿದ ಅನುಮಾನಕ್ಕೆ ಸಿಟಿ. ಬಿಲ್ಲೆ ಎಲ್ಲಿದೆ ತಿಳಿಯಬೇಕಾದರೆ, ಅದೂ ಬಾಯಿ ತೆರೆಯದೆ ಉಪಚಾರ ಫಲಿಸದಿದ್ದಾಗ, ಎಂಆರ್‌ಐ. ನೋವಿಲ್ಲದವರ ಸ್ಕ್ಯಾನಿನಲ್ಲೂ ಸರಿದ ಬಿಲ್ಲೆ ಕಾಣುತ್ತದೆ. ಸ್ಕ್ಯಾನ್ ನೋಡಿ ಆಪರೇಷನ್ ಹೇಳುವವರಿಂದ ದೂರ ಇರಿ.

ಬಾಯಿ ಸಿಕ್ಕಿಕೊಂಡಾಗ, ಗದ್ದಕ್ಕೆ ಪೆಟ್ಟಾದಾಗ

ತಿಂಗಳುಗಟ್ಟಲೆ ಟಕ್ ಅನ್ನುತ್ತಿದ್ದ ಕೀಲು ಒಂದು ದಿನ ಸುಮ್ಮನಾಗಿ, ಬಾಯಿ 25–30 ಮಿಲಿಮೀಟರ್‌ಗೆ ನಿಂತರೆ ವಾಸಿಯಾಯಿತು ಅಂತ ತಿಳಿಯಬೇಡಿ. ಮೂಳೆಯ ತಲೆ ಬಿಲ್ಲೆಯ ಹಿಂದೆ ಸಿಕ್ಕಿಕೊಂಡಿದೆ. ಜೋರಾಗಿ ಎಳೆದು ತೆರೆಯಬೇಡಿ. ಕೆಲವು ದಿನಗಳೊಳಗೆ ಬಾಯಿ, ಮುಖದ ಶಸ್ತ್ರವೈದ್ಯರಿಗೆ ತೋರಿಸಿದರೆ ಕೈಯಿಂದಲೇ ಬಿಡಿಸುವ ಸಾಧ್ಯತೆ ಹೆಚ್ಚು. ಆಗದಿದ್ದರೆ ಕೀಲಿಗೆ ಎರಡು ಸೂಜಿ ಹಾಕಿ ಸಲೈನ್‌ನಿಂದ ತೊಳೆಯುತ್ತಾರೆ, ಆರ್ಥ್ರೋಸೆಂಟೆಸಿಸ್ ಅನ್ನುತ್ತಾರೆ, ಜಾಗ ಮಾತ್ರ ಮರಗಟ್ಟಿಸಿ ಮಾಡಬಹುದು. ತದ್ವಿರುದ್ಧವಾಗಿ, ಆಕಳಿಸಿದ ಬಾಯಿ ಮುಚ್ಚದೇ ಹೋದರೆ ಕೀಲು ತಪ್ಪಿದೆ, ನೇರ ಎಮರ್ಜೆನ್ಸಿಗೆ. ಡಾಕ್ಟರು ಹೆಬ್ಬೆರಳಿಗೆ ಬಟ್ಟೆ ಸುತ್ತಿ ಕೆಳಗಿನ ದವಡೆ ಹಲ್ಲಿನ ಮೇಲಿಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತಾರೆ. ಮನೆಯಲ್ಲಿ ಯಾರೂ ಗದ್ದಕ್ಕೆ ಗುದ್ದಿ ಕೂಡಿಸಬಾರದು.

ಬೈಕಿನಿಂದ ಬಿದ್ದು ಗದ್ದ ಒಡೆದಾಗ ಎಲ್ಲರೂ ಗದ್ದಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬರುತ್ತಾರೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಮೇಲೆ ಹೋಗಿ ಕಿವಿಯ ಮುಂದೆ ಕೀಲಿನ ಕುತ್ತಿಗೆಯನ್ನು ಮುರಿಯಬಹುದು. ಕಿವಿಯಿಂದ ರಕ್ತ ಬಂದಿದ್ದರೆ ಮೂಳೆ ಕಿವಿಯ ಮುಂಗೋಡೆಗೆ ನುಗ್ಗಿರಬಹುದು, ಬುರುಡೆಯ ತಳವೂ ಒಡೆದಿರಬಹುದು, ಸಿಟಿ ಮಾಡಿಸಲೇಬೇಕು. ಮಾಳಿಗೆಯಿಂದ, ಮೆಟ್ಟಿಲಿನಿಂದ ಬಿದ್ದ ಮಕ್ಕಳಲ್ಲಿ ಇದು ಇನ್ನೂ ಗಂಭೀರ. ಮುರಿದದ್ದು ಗೊತ್ತಾಗದೆ ಕೀಲು ಬುರುಡೆಗೆ ಕೂಡಿಕೊಂಡು ಬಾಯಿ ತೆರೆಯುವುದೇ ನಿಲ್ಲುತ್ತದೆ, ಗದ್ದ ಬೆಳೆಯದೆ ಮುಖ ಒಂದು ಕಡೆ ಸಣ್ಣದಾಗಿ ಉಳಿಯುತ್ತದೆ. ಗದ್ದಕ್ಕೆ ಪೆಟ್ಟಾದ ಮಗು ಬಾಯಿ ಪೂರ್ತಿ ತೆರೆಯುತ್ತದೆಯೇ ಅಂತ ವಾರಕ್ಕೊಮ್ಮೆ ನೋಡಿ, ಕಡಿಮೆಯಾಗುತ್ತಿದ್ದರೆ ಕಾಯಬೇಡಿ.

ಎಲ್ಲಿಗೆ ಹೋಗಬೇಕು

ಮೊದಲು ಇಎನ್‌ಟಿ, ಕಿವಿ ಮತ್ತು ಗಂಟಲು ಎರಡೂ ನೋಡಿಸಲು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರಕಾರಿ ವೈದ್ಯಕೀಯ ಕಾಲೇಜುಗಳು. ಕಿವಿ, ಗಂಟಲು ಸರಿ ಇದ್ದರೆ ಮುಂದೆ ದಂತ ಕಾಲೇಜು. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್‌-ಬದರ್ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜು ಇವೆ. ಬೀದರಿನವರಿಗೆ ನೌಬಾದಿನ ಎಸ್.ಬಿ. ಪಾಟೀಲ ದಂತ ಕಾಲೇಜು ಹತ್ತಿರ. ಅಲ್ಲಿ "ಹಲ್ಲು ನೋವು" ಅಂತ ಚೀಟಿ ಮಾಡಿಸಿದರೆ ಹಲ್ಲಿನ ಸಾಲಿನಲ್ಲೇ ನಿಲ್ಲಿಸುತ್ತಾರೆ. "ದವಡಿ ಕೀಲು, ಕಿವಿ ಮುಂದ ನೋವು, ಓರಲ್ ಮೆಡಿಸಿನ್ ವಿಭಾಗ" ಅಂತ ಹೇಳಿ ಚೀಟಿ ಬರೆಸಿ. ಪ್ಲೇಟು ಮಾಡುವುದು ಸಾಮಾನ್ಯವಾಗಿ ಕೃತಕ ಹಲ್ಲಿನ ವಿಭಾಗ, ಸಿಕ್ಕಿಕೊಂಡ ಬಾಯಿ ಮತ್ತು ಮುರಿತ ಬಾಯಿ-ಮುಖ ಶಸ್ತ್ರಚಿಕಿತ್ಸೆ ವಿಭಾಗ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ನೋವು ಯಾವ ಕಡೆ, ಯಾವಾಗಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆಯೋ, ಸ್ಕೇಲಿನಲ್ಲಿ ಅಳೆದ ಬಾಯಿ ಎಷ್ಟು ಮಿಲಿಮೀಟರ್, ಟಕ್ ಇದೆಯೇ ಅಥವಾ ಇದ್ದು ನಿಂತಿತೇ, ಗದ್ದಕ್ಕೆ ಪೆಟ್ಟಾಗಿತ್ತೇ, ಹಲ್ಲಿನ ಉಪಚಾರಕ್ಕೆ ಬಹಳ ಹೊತ್ತು ಬಾಯಿ ತೆರೆದಿದ್ದಿರೇ, ಯಾವ ಗುಳಿಗೆ ನಡೆದಿವೆ, ಇಲ್ಲಿತನಕ ಯಾವ ಯಾವ ಡ್ರಾಪ್ಸ್ ಹಾಕಿದ್ದೀರಿ. ಗುಟ್ಕಾ, ತಂಬಾಕು ಇದ್ದರೆ ದಿನಕ್ಕೆ ಎಷ್ಟು ಚೀಟು, ಎಷ್ಟು ವರ್ಷದಿಂದ ಅನ್ನುವುದನ್ನೂ ಬರೆಯಿರಿ. ಮನೆಯವರು ಪಕ್ಕದಲ್ಲಿದ್ದಾರೆ ಅಂತ ಆ ಸಾಲು ಬಿಡಬೇಡಿ. ಡಾಕ್ಟರು ಗಂಟಲಿಗೆ ಸ್ಕೋಪ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದರಲ್ಲಿ ಆ ಸಾಲಿನ ಪಾಲು ದೊಡ್ಡದು.